ಚಳಿಗಾಲದ ಮ್ಯಾಟ್ ನಿಯಮ ಸದಸ್ಯರಿಗೆ ಮಾತ್ರಾನಾ? ಗಾಲ್ಫ್ ಕ್ಲಬ್ ಆಡಳಿತಕ್ಕೆ ಒಂದು ದೂರು

ಗೆ,
ವ್ಯವಸ್ಥಾಪಕರು,
ಕ್ಲಬ್ಬಿನ ಆಡಳಿತ ಕಚೇರಿ

ವಿಷಯ: ಫೇರ್‌ವೇ ಮ್ಯಾಟ್ (ನಡುಮೈದಾನದ ಕತ್ತರಿಸಿದ ಹುಲ್ಲು ಕಿತ್ತು ಬಾರದಂತೆ ಚೆಂಡಿನ ಕೆಳಗೆ ಹಾಸುವ ಚಿಕ್ಕ ಚಾಪೆ) ಹೆಸರಿನಲ್ಲಿ ಏಳನೇ ಹೋಲ್‌ನಲ್ಲಿ ನನಗಾದ ಅವಮಾನ, ಮತ್ತು ಅದೇ ಹೊತ್ತಿಗೆ ಅದೇ ಹುಲ್ಲಿನ ಮೇಲೆ ಓಡಾಡಿದ ಬಗ್ಗಿ ಗಾಡಿಗಳ ಬಗ್ಗೆ.

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಪ್ರತಿ ಸಲವೂ "ನೋಟ್ ಮಾಡ್ಕೊಂಡಿದ್ದೀವಿ ಸಾರ್" ಅಂದರು. ಆ ನೋಟ್‌ಬುಕ್ ಇಷ್ಟೊತ್ತಿಗೆ ತುಂಬಿರಬೇಕು. ಕೊನೆಗೆ ನಿಮ್ಮ ಕಚೇರಿಯಿಂದ ಒಂದು ಇಮೇಲ್ ಬಂತು: "ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು." ನಾನು ಸಲಹೆ ಕೊಟ್ಟಿರಲಿಲ್ಲ. ದೂರು ಕೊಟ್ಟಿದ್ದೆ. ಅದಕ್ಕೇ ಈ ಪತ್ರ. ಸಮಾಧಾನದಿಂದ ಬರೆಯಬೇಕು ಅಂತಲೇ ಕೂತಿದ್ದೇನೆ, ನೋಡೋಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮ್ಯಾಟ್ ವಿರೋಧಿ ಅಲ್ಲ. "ಚಂದಾ ಕಟ್ಟೋದು ಪ್ಲಾಸ್ಟಿಕ್ ಮೇಲೆ ಹೊಡೆಯೋಕಾ?" ಅಂತ ಗೊಣಗುವ ಸದಸ್ಯರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಜೊತೆ ನಿಮ್ಮ ಪರವಾಗಿ ಜಗಳ ಆಡಿದವನು ನಾನು. ಚಳಿಗಾಲದ ನಿಯಮದ ಹಾಳೆ ನೋಟಿಸ್ ಬೋರ್ಡಿಗೆ ಬಂದ ದಿನವೇ ಸಂತೋಷಪಟ್ಟ ಒಬ್ಬನೇ ಸದಸ್ಯ ಕೂಡ ನಾನೇ ಇರಬಹುದು.

ಯಾಕೆ ಅಂದರೆ ಲೆಕ್ಕ ಸರಳ. ನೆಲದ ಉಷ್ಣತೆ 5–6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ನಮ್ಮ ಕೋರ್ಸಿನಂಥ ಹುಲ್ಲು ಬೆಳೆಯೋದನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತದೆ. ಬೇಸಿಗೆಯಲ್ಲಾದರೆ ಐರನ್ (ಲೋಹದ ತಲೆಯ ಕೋಲು) ಹೊಡೆತಕ್ಕೆ ಕಿತ್ತು ಬಂದ ಹುಲ್ಲಿನ ಹೆಂಟೆ, ಅಂದರೆ ಡಿವಟ್‌ ಅನ್ನು ವಾಪಸ್ ಅದರ ಜಾಗದಲ್ಲಿಟ್ಟು ತುಳಿದರೆ ಬೇರು ಹಿಡಿಯುತ್ತದೆ. ಚಳಿಗಾಲದಲ್ಲಿ ಅದು ಒಣಗಿ ಸಾಯುತ್ತದೆ, ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ಮರಳು, ಬೀಜ ಬೆರೆಸಿ ತುಂಬಿಸಿದರೂ ಆ ಚಳಿಗೆ ಬೀಜ ಮೊಳೆಯೋದಿಲ್ಲ. ಇನ್ನು ಎಲ್ಲರ ಡ್ರೈವ್ (ಮೊದಲ ಹೊಡೆತ) ಬೀಳೋದೂ ಸುಮಾರಾಗಿ ಒಂದೇ ಜಾಗದಲ್ಲಿ. ಎಲ್ಲರೂ ಅಲ್ಲಿಂದಲೇ ಕಿತ್ತರೆ ವಸಂತ ಬರುವ ಹೊತ್ತಿಗೆ ಆ ಜಾಗ ಬೋಳು. ಆ ಬೋಳು ಜಾಗಕ್ಕೆ ಮೊದಲು ಬರೋದು ಬೇಕಾದ ಹುಲ್ಲಲ್ಲ, ಕಳೆ. ಚಳಿಗಾಲದಲ್ಲಿ ಅಂಗೈಯಗಲದ ಒಂದು ಮ್ಯಾಟ್ ಇಷ್ಟನ್ನೂ ತಪ್ಪಿಸುತ್ತದೆ ಅಂದರೆ ಯಾರಿಗೆ ಬೇಡ?

ಇದನ್ನೆಲ್ಲ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮದೇ ಹಾಳೆಯಲ್ಲಿ ಇದೆ. ಫೇರ್‌ವೇಯಲ್ಲಿ ಬಿದ್ದ ಚೆಂಡನ್ನು ಎತ್ತಿ ಮ್ಯಾಟ್ ಮೇಲಿಟ್ಟು ಹೊಡೆಯಬೇಕು. ಮ್ಯಾಟ್ ಇಲ್ಲದವರು ಹೋಲ್‌ಗೆ ಹತ್ತಿರವಾಗದಂತೆ ಪಕ್ಕದ ರಫ್‌ಗೆ (ಉದ್ದ ಹುಲ್ಲಿನ ಅಂಚಿಗೆ) ಒಯ್ದು ಆಡಬೇಕು. ಹಿಮ ಕಟ್ಟಿದ ದಿನ ಬಗ್ಗಿಗಳು ದಾರಿ ಬಿಟ್ಟು ಇಳಿಯಬಾರದು. ಕೊನೆಯ ಸಾಲು: "ಎಲ್ಲ ಆಟಗಾರರಿಗೂ ಅನ್ವಯ." 'ಎಲ್ಲ' ಅನ್ನೋದರ ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ಆ ಗೆರೆ ಎಳೆದವರು ಯಾರು ಅಂತ ತಿಳಿಸಿದರೆ ಅವರಿಗೊಂದು ಪ್ರತ್ಯೇಕ ಪತ್ರ ಬರೆಯುತ್ತೇನೆ.

ಈಗ ಆ ದಿನದ ವಿಷಯ.

ಅವತ್ತು ನಮ್ಮ ಭಾವನವರನ್ನು ಅತಿಥಿಯಾಗಿ ಕರೆದುಕೊಂಡು ಬಂದಿದ್ದೆ. ನಮ್ಮ ಕೋರ್ಸ್ ಹೇಗಿದೆ, ಎಷ್ಟು ಶಿಸ್ತಾಗಿ ನೋಡಿಕೊಳ್ಳುತ್ತಾರೆ ಅಂತ ಕಾರಿನಲ್ಲೇ ಹೊಗಳಿಕೊಂಡು ಬಂದಿದ್ದೆ. ಹಿಮ ಕರಗಲಿ ಅಂತ ಸ್ಟಾರ್ಟರ್ (ಆಟಕ್ಕೆ ಬಿಡುವವರು) ನಮ್ಮನ್ನು ತುಂಬ ಹೊತ್ತು ಕೂರಿಸಿದರು. ಸರಿಯೇ, ಅದೂ ಒಳ್ಳೆಯದಕ್ಕೇ. ತುಟಿ ಪಿಟಕ್ಕೆನ್ನದೆ ಕೂತೆವು. ಆಮೇಲೆ ಗೊತ್ತಾಯಿತು, ಒಂದು ಕಂಪನಿಯ ಔಟಿಂಗ್ ತಂಡವನ್ನು ಅದಕ್ಕೂ ಮೊದಲೇ ಬಿಟ್ಟಿದ್ದಿರಿ. ಹಿಮಕ್ಕೆ ಅವರ ಪರಿಚಯ ಇತ್ತೇನೋ.

ಏಳನೇ ಹೋಲ್‌ನಲ್ಲಿ, ಬಹಳ ದಿನಗಳ ಮೇಲೆ, ನನ್ನ ಡ್ರೈವ್ ಫೇರ್‌ವೇ ನಡುಮಧ್ಯಕ್ಕೆ ಹೋಗಿ ಬಿತ್ತು. ಮ್ಯಾಟ್ ಹಾಸಿದೆ. ಚೆಂಡು ಎತ್ತಿಟ್ಟೆ. ಸೆವೆನ್ ಐರನ್ ಹಿಡಿದು ನಿಂತೆ. ಅಷ್ಟರಲ್ಲಿ ಹಾರ್ನ್. ಕೋರ್ಸಿನ ಮೇಲ್ವಿಚಾರಣೆಯ ನಿಮ್ಮ ಮಾರ್ಷಲ್ ಬಂದರು. ಹೇಗೆ ಬಂದರು ಅನ್ನೋದನ್ನು ದಯವಿಟ್ಟು ಗಮನಿಸಿ: ಬಗ್ಗಿಯಲ್ಲಿ, ಫೇರ್‌ವೇ ಮೇಲೆ, ನೆರಳಿನಲ್ಲಿ ಇನ್ನೂ ಬೆಳ್ಳಗಿದ್ದ ಹುಲ್ಲನ್ನು ತುಳಿದುಕೊಂಡು.

"ಸಾರ್, ಒಂದ್ನಿಮಿಷ. ಈ ಮ್ಯಾಟ್ ನಡೆಯಲ್ಲ."

"ಯಾಕೆ?"

"ಅಪ್ರೂವ್ಡ್ ಅಲ್ಲ ಸಾರ್."

"ನಿಮ್ಮ ಪ್ರೊ ಶಾಪ್‌ನಲ್ಲೇ ತಗೊಂಡಿದ್ದು."

"ಅದು ಹೋದ ವರ್ಷದ್ದು ಸಾರ್. ಈ ವರ್ಷದ್ದಕ್ಕೆ ಲೋಗೋ ಇದೆ."

"ಲೋಗೋ ಇಲ್ಲದಿದ್ರೆ ಏನಾಗುತ್ತೆ?"

"ಗುರುತು ಸಿಗಲ್ಲ ಸಾರ್."

"ಯಾವುದರ ಗುರುತು?"

"ಮ್ಯಾಟ್ ಅಂತ."

ಹಿಂದೆ ನಿಂತಿದ್ದ ಭಾವನವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅದು ಕೆಮ್ಮಲ್ಲ ಅಂತ ನನಗೂ ಗೊತ್ತು, ಮಾರ್ಷಲ್‌ಗೂ ಗೊತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಅವರು ಇಳಿದು ಬಂದು, ನನ್ನ ಚೆಂಡನ್ನು ಪಕ್ಕಕ್ಕೆ ಸರಿಸಿ, ಮ್ಯಾಟನ್ನು ಎರಡೇ ಬೆರಳಿನಲ್ಲಿ ಹಿಡಿದು ಎತ್ತಿದರು. ಸತ್ತ ಇಲಿ ಎತ್ತಿದ ಹಾಗೆ. ತಿರುಗಿಸಿ ಹಿಂದಿನ ರಬ್ಬರ್ ನೋಡಿದರು. ಮೂಲೆಯ ತೂತಿಗೆ ನಾನು ಕಟ್ಟಿಕೊಂಡಿದ್ದ ದಾರ ನೋಡಿದರು. ಬ್ಯಾಗಿನಿಂದ ಬಿದ್ದು ಕಳೆದುಹೋಗದಿರಲಿ ಅಂತ ಹಾಕಿದ್ದ ದಾರ ಅದು, ಹಳೆಯ ಶೂ ಲೇಸ್. "ಇದೇನ್ ಸಾರ್ ಇದು?" ಅಂದರು. ಮತ್ತೆ ನೆಲದ ಮೇಲಿಟ್ಟು ಪಕ್ಕದಲ್ಲಿ ತಮ್ಮ ಬೂಟು ಇಟ್ಟು ಅಳತೆ ನೋಡಿದರು. ಕ್ಲಬ್ಬಿನ ಅಧಿಕೃತ ಅಳತೆ ಅವರ ಬೂಟು ಅಂತ ನಿಯಮದ ಹಾಳೆಯಲ್ಲಿ ಎಲ್ಲೂ ಇಲ್ಲ. ಮುಂದಿನ ಮುದ್ರಣದಲ್ಲಾದರೂ ಸೇರಿಸಿ.

ಇಷ್ಟು ಹೊತ್ತಿಗೆ ಹಿಂದಿನ ನಾಲ್ವರು ಆಟ ಶುರುಮಾಡುವ ಟೀಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಒಬ್ಬರು ಕೈಗಡಿಯಾರ ನೋಡಿದ್ದು ಅಷ್ಟು ದೂರದಿಂದಲೂ ಕಂಡಿತು.

"ಚೆಂಡು ರಫ್‌ಗೆ ತಗೊಂಡ್ಹೋಗಿ ಸಾರ್. ಇಲ್ಲಾಂದ್ರೆ ಎರಡು ಸ್ಟ್ರೋಕ್ ದಂಡ."

ಆಗಲೇ ನಮ್ಮ ಎದುರಿಗೆ, ಎಂಟನೇ ಹೋಲ್‌ನಿಂದ, ಔಟಿಂಗ್‌ನವರ ಬಗ್ಗಿಗಳು ಒಂದರ ಹಿಂದೊಂದು ನಮ್ಮ ಫೇರ್‌ವೇಗೆ ಇಳಿದವು. ಒಬ್ಬರು ಇಳಿದು ವೆಡ್ಜ್ ಕೋಲಿನಲ್ಲಿ ಹೊಡೆದರು. ಚೆಂಡಿಗಿಂತ ಜಾಸ್ತಿ ಹುಲ್ಲು ಹಾರಿತು. ಇಷ್ಟಗಲದ ಹೆಂಟೆ. ಅದನ್ನು ವಾಪಸ್ ಇಡುವುದಿರಲಿ, ತಿರುಗಿಯೂ ನೋಡಲಿಲ್ಲ. ಮ್ಯಾಟ್? ಯಾರ ಕೈಯಲ್ಲೂ ಇರಲಿಲ್ಲ.

"ಅವರದ್ದು ಏನು?" ಅಂದೆ.

"ಅವರು ಗೆಸ್ಟ್ ಸಾರ್."

"ನಮ್ಮ ಭಾವನೂ ಗೆಸ್ಟೇ."

"ಇವರು ನಿಮ್ಮ ಗೆಸ್ಟ್ ಸಾರ್. ಅವರು ಕ್ಲಬ್ ಗೆಸ್ಟ್. ಮ್ಯಾಟ್ ಕೊಟ್ರೆ ಅವರ ಎಕ್ಸ್‌ಪೀರಿಯನ್ಸ್ ಚೆನ್ನಾಗಿರಲ್ಲ ಅಂತ ಮೇಲಿಂದ ಹೇಳಿದ್ದಾರೆ."

ನಾನು ಬಾಗಿ ಚೆಂಡು ಎತ್ತಿಕೊಂಡೆ. ಆ ಅಗಲದ ಫೇರ್‌ವೇಯನ್ನು ಅಡ್ಡಕ್ಕೆ ದಾಟಿ, ಅಷ್ಟೂ ಜನ ನೋಡುತ್ತಿರುವಾಗ, ರಫ್‌ಗೆ ನಡೆದೆ. ಎಡಗೈಯಲ್ಲಿ ಚೆಂಡು, ಬಲಗೈಯಲ್ಲಿ ಅನಧಿಕೃತ ಮ್ಯಾಟ್. ಅಲ್ಲಿ ನಾನು ಚೆಂಡು ಇಡಬೇಕಾದ ಜಾಗಕ್ಕೆ ಸರಿಯಾಗಿ ಎದುರಿಗೊಂದು ಮರ. ಮುಂದಿನ ಹೊಡೆತ ಏನಾಯಿತು ಅನ್ನೋದು ಈ ದೂರಿಗೆ ಸಂಬಂಧಿಸಿದ್ದಲ್ಲ.

ಸಂಬಂಧಿಸಿದ ವಿಷಯಕ್ಕೆ ಬರುತ್ತೇನೆ. ಮಾರ್ಷಲ್ ಅಂದರೆ ರೆಫ್ರಿ ಅಲ್ಲ. ಸ್ಥಳೀಯ ನಿಯಮ ಮಾಡೋದು ಕಮಿಟಿ. ಆ ನಿಯಮ ಹಾಳೆಯಲ್ಲಿ ಇರಬೇಕು, 'ಮೇಲಿಂದ' ಬಂದ ಬಾಯಿಮಾತಿನಲ್ಲಿ ಅಲ್ಲ. ನಿಮ್ಮ ಹಾಳೆಯಲ್ಲಿ ಲೋಗೋ ಅನ್ನುವ ಮಾತೇ ಇಲ್ಲ. ಗಾಲ್ಫ್ ನಿಯಮ ಮಾಡುವ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ 2019ರಲ್ಲಿ ಹೊಸದಾಗಿ ತಂದ ನಿಯಮಗಳನ್ನು ನಿಮ್ಮ ಕೌಂಟರಿನಲ್ಲೇ ಮಾರುತ್ತೀರಿ. ಅದರ 1.2ನೇ ನಿಯಮ ತೆಗೆದು ನೋಡಿ. ಆಟಗಾರ ಕೋರ್ಸನ್ನು ಚೆನ್ನಾಗಿ ನೋಡಿಕೊಳ್ಳಬೇಕು ಅನ್ನುತ್ತದೆ, ಡಿವಟ್ ವಾಪಸ್ ಇಡೋದನ್ನು ಉದಾಹರಣೆಯಾಗಿಯೇ ಕೊಡುತ್ತದೆ. ಅಲ್ಲಿ ಸದಸ್ಯ, ಗೆಸ್ಟ್, ದೊಡ್ಡ ಗೆಸ್ಟ್ ಅಂತ ಭೇದ ಮಾಡಿಲ್ಲ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ನಿಮಗೆ ಗೊತ್ತಿರುತ್ತದೆ, ಕ್ಲಬ್‌ಹೌಸ್ ಗೋಡೆಯ ಮೇಲೆ ಅದರ ಚಿತ್ರ ನೇತುಹಾಕಿದ್ದೀರಿ. 2022ರಲ್ಲಿ 150ನೇ ಓಪನ್ ಚಾಂಪಿಯನ್‌ಶಿಪ್ ನಡೆದ ಜಾಗ. ಅಲ್ಲೂ ಚಳಿಗಾಲದ ತಿಂಗಳುಗಳಲ್ಲಿ ಫೇರ್‌ವೇ ಮ್ಯಾಟ್ ಬಳಸುತ್ತಾರೆ. ಜೀವಮಾನದಲ್ಲಿ ಒಂದು ಸಲ ಆಡಬೇಕು ಅಂತ ಎಲ್ಲಿಂದಲೋ ಹಾರಿ ಬಂದ ಪ್ರವಾಸಿಯೂ ಮ್ಯಾಟ್ ಹಿಡಿದೇ ನಡೆಯುತ್ತಾನೆ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವೇ ಇಲ್ಲ, ನೆಲಕ್ಕೆ ರಜೆ. ಅವರ 'ಎಕ್ಸ್‌ಪೀರಿಯನ್ಸ್' ಇದರಿಂದ ಕೆಟ್ಟಿದ್ದು ನಾನು ಕೇಳಿಲ್ಲ.

ಆ ಬಗ್ಗಿಗಳು ಏನು ಮಾಡಿದವು ಅನ್ನೋದೂ ನಿಮ್ಮ ಗ್ರೀನ್‌ಕೀಪರ್‌ಗೆ ಚೆನ್ನಾಗಿ ಗೊತ್ತು. ಪಾಪ, ಅವರನ್ನು ಕೇಳಿದರೆ ತಲೆ ತಗ್ಗಿಸುತ್ತಾರೆ. ಹಿಮ ಕಟ್ಟಿದಾಗ ಹುಲ್ಲಿನ ಎಸಳಿನೊಳಗಿನ ನೀರೂ ಗಟ್ಟಿಯಾಗಿರುತ್ತದೆ. ಭಾರ ಬಿದ್ದರೆ ಒಳಗಿನ ಜೀವಕೋಶಗಳು ಒಡೆದುಹೋಗುತ್ತವೆ. ಆ ಕ್ಷಣಕ್ಕೆ ಏನೂ ಕಾಣೋದಿಲ್ಲ. ಆಮೇಲೆ ನೋಡಬೇಕು. ನಾನು ಹೋಗಿ ನೋಡಿದೆ. ಏಳನೇ ಫೇರ್‌ವೇ ಮೇಲೆ ಕಂದು ಬಣ್ಣದ ಜೋಡಿ ಗೆರೆಗಳು, ಟೈರಿನ ಅಚ್ಚು ಸಮೇತ. ಒಂದು ಜೋಡಿ ಮಾತ್ರ ನೇರವಾಗಿ ಬಂದು, ನಾನು ಮ್ಯಾಟ್ ಹಾಸಿದ್ದ ಜಾಗದ ಪಕ್ಕ ನಿಂತು, ತಿರುಗಿ ಹೋಗಿದೆ. ಅದು ಯಾರ ಬಗ್ಗಿ ಅಂತ ನಾನು ಹೇಳಬೇಕಾ?

ಇನ್ನು ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟದ ಲೆಕ್ಕ. ಮ್ಯಾಟ್ ಮೇಲೆ ಆಡಿದ ಸ್ಕೋರ್ ಲೆಕ್ಕಕ್ಕಿದೆ ಅಂತ ಕಚೇರಿಯವರು, ಇಲ್ಲ ಅಂತ ಪ್ರೊ ಶಾಪ್‌ನವರು. ನೀವು ನೀವೇ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬನ್ನಿ, ನಮಗೇನೂ ಅವಸರ ಇಲ್ಲ.

ನನಗೆ ಏನು ಬೇಕು ಅಂತ ನಿಮ್ಮ ಇಮೇಲ್‌ನಲ್ಲಿ ಕೇಳಿದ್ದಿರಿ. ಲೋಗೋ ಇರುವ ಮ್ಯಾಟ್ ಉಚಿತವಾಗಿ ಕೊಡುವ ಮಾತೂ ಇತ್ತು. ಬೇಡ, ಇಟ್ಟುಕೊಳ್ಳಿ. ಔಟಿಂಗ್‌ನವರಿಗೆ ಕೊಡಿ, ಅವರಿಗೆ ಅದರ ಅಗತ್ಯ ಜಾಸ್ತಿ ಇದೆ. ಆ ಮಾರ್ಷಲ್ ಮೇಲೆ ಕ್ರಮವೂ ಬೇಡ. ಆ ಹುಡುಗ ಹೇಳಿಕೊಟ್ಟದ್ದನ್ನು ಹೇಳಿದ. ಹೇಳಿಕೊಟ್ಟವರು ಯಾರು ಅನ್ನೋದೇ ನನ್ನ ಪ್ರಶ್ನೆ, ಅದಕ್ಕೆ ಉತ್ತರ ಬರೋದಿಲ್ಲ ಅಂತಲೂ ಗೊತ್ತು.

ಆದ್ದರಿಂದ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ, ಅದು ಸುಲಭ. ಟೈರ್ ಗುರುತುಗಳ ಫೋಟೋಗಳನ್ನು ಈ ಪತ್ರದ ಪ್ರತಿಯ ಜೊತೆ ಕಮಿಟಿಯ ಪ್ರತಿಯೊಬ್ಬರಿಗೂ ಕಳಿಸುತ್ತಿದ್ದೇನೆ. ವಾರ್ಷಿಕ ಸಭೆಯಲ್ಲಿ ಅವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತರುತ್ತೇನೆ. 'ಎಲ್ಲ ಆಟಗಾರರಿಗೂ ಅನ್ವಯ' ಅನ್ನುವ ಸಾಲನ್ನು ವ್ಯವಸ್ಥಾಪಕರೇ ಎದ್ದು ನಿಂತು ಓದಬೇಕು ಅಂತ ಕೇಳುತ್ತೇನೆ, ಗೆರೆ ಎಳೆದ ಪದವನ್ನು ಸ್ವಲ್ಪ ಒತ್ತಿ. ಮುಂದಿನ ವರ್ಷದ ಚಂದಾ ಆ ಸಭೆ ಮುಗಿಯುವವರೆಗೆ ನನ್ನ ಬ್ಯಾಂಕಿನಲ್ಲೇ ಬೆಚ್ಚಗಿರುತ್ತದೆ. ನನ್ನ ಜೊತೆ ಆಡುವವರದ್ದೂ ಅಷ್ಟೇ, ಕೇಳಿ ನೋಡಿ. ಮೊದಲು ಮ್ಯಾಟ್ ಕಂಡರೆ ಮುಖ ಸಿಂಡರಿಸುತ್ತಿದ್ದವರು ಈಗ ನನ್ನ ಪರ. ಅಷ್ಟರ ಮಟ್ಟಿಗೆ ನಿಮ್ಮಿಂದ ಉಪಕಾರವಾಯಿತು.

ಮತ್ತೆ, ಮುಂದಿನ ಔಟಿಂಗ್ ಯಾವತ್ತು ಅಂತ ನೋಟಿಸ್ ಬೋರ್ಡಿನಲ್ಲಿ ನೋಡಿದ್ದೇನೆ. ಅವತ್ತು ಬೆಳಗ್ಗೆ ಏಳನೇ ಹೋಲ್‌ನ ಬಗ್ಗಿ ದಾರಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕ್ಯಾಮೆರಾ ಹಿಡಿದು ಕೂತಿರುತ್ತೇನೆ. ದಾರಿಯ ಮೇಲೇ, ಹುಲ್ಲಿಗೆ ಕಾಲಿಡದೆ. ಎಬ್ಬಿಸೋಕೆ ಮಾರ್ಷಲ್‌ನ ಕಳಿಸೋದಾದರೆ ನಡೆದುಕೊಂಡು ಬರೋಕೆ ಹೇಳಿ.

ಇಂತಿ,
ಚಂದಾ ಇನ್ನೂ ಕಟ್ಟದಿರುವ ನಿಮ್ಮ ಸದಸ್ಯ