ಬೆರಕೆ ಟ್ರೇ ಇನ್ನಿಲ್ಲ: ಬಾತು ಮೊಟ್ಟೆ ಈ ಸೋಮವಾರ, ಕೋಳಿ ಮೊಟ್ಟೆ ಮುಂದಿನ ಸೋಮವಾರ

ಕಾವಿಗೆ ಮೊಟ್ಟೆ ಒಯ್ಯುವ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಹದಿನೈದು ನಾಟಿ ಕೋಳಿ ಮೊಟ್ಟೆ, ಹದಿನೈದು ಬಾತು ಮೊಟ್ಟೆ ಸೇರಿಸಿ ಕೊಡುತ್ತಿದ್ದ ಟ್ರೇಯನ್ನು ಈ ತಿಂಗಳಿಂದ ನಿಲ್ಲಿಸಿದ್ದೇವೆ. ಇನ್ನು ಮುಂದೆ ಒಂದು ಸೋಮವಾರ ಬಾತು ಮೊಟ್ಟೆ, ಅದರ ಮುಂದಿನ ಸೋಮವಾರ ಕೋಳಿ ಮೊಟ್ಟೆ. ಮುಂಗಡ ಕೊಟ್ಟವರಿಗೆ ಅದೇ ದುಡ್ಡಿಗೆ ಎರಡು ಸಲ ಬಂದು ಒಯ್ಯಲು ಅವಕಾಶವಿದೆ. ಬೇಡವೆನಿಸಿದರೆ ದುಡ್ಡು ವಾಪಸ್ ಕೊಡುತ್ತೇವೆ.

ಕೋಳಿ ಮೊಟ್ಟೆಗೆ 21 ದಿನದ ಕಾವು, ಬಾತಿಗೆ 28. ಎರಡನ್ನೂ ಒಂದೇ ದಿನ ಕಾವು ಕೊಡುವ ಮೆಷಿನ್‌ಗೆ ಇಟ್ಟರೆ 18ನೇ ದಿನ ಕೋಳಿಗಾಗಿ ತೇವಾಂಶವನ್ನು ಶೇ. 65–70ಕ್ಕೆ ಏರಿಸಬೇಕು. ಆಗ ಬಾತು ಮೊಟ್ಟೆಯಿಂದ ಇನ್ನೂ ನೀರು ಆರಬೇಕಿರುತ್ತದೆ. ಆರದಿದ್ದರೆ ಒಳಗಿನ ಗಾಳಿಗೂಡು ದೊಡ್ಡದಾಗುವುದಿಲ್ಲ, ಮರಿ ಊದಿಕೊಂಡು ಕೊಕ್ಕು ಗಾಳಿಗೆ ತಲುಪದೆ ಚಿಪ್ಪಿನೊಳಗೇ ಸಾಯುತ್ತದೆ. ಮೇಲಾಗಿ 21ನೇ ದಿನ ಹೊರಬಂದ ಕೋಳಿಮರಿಗಳ ಹಸಿ, ಪುಕ್ಕ, ಹಿಕ್ಕೆ ಎಲ್ಲ ಬಾತು ಮೊಟ್ಟೆಗಳ ಮೇಲೆ. "ಕೋಳಿ ಬಂತು, ಬಾತು ಒಳಗೇ ಸತ್ತಿತ್ತು" ಎಂದು ನಿಮ್ಮಲ್ಲಿ ಹಲವರು ಹೇಳಿದ್ದಿರಿ. ತಪ್ಪು ನಿಮ್ಮದಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟಿದ್ದು ನಮ್ಮ ತಪ್ಪು.

ಒಂದೇ ಮೆಷಿನ್ ಇರುವವರಿಗೆ ಈ ಏಳು ದಿನದ ಅಂತರವೇ ದಾರಿ. ಸೋಮವಾರ ಸಂಜೆ ಬಾತು, ಮುಂದಿನ ಸೋಮವಾರ ಸಂಜೆ ಕೋಳಿ ಇಡಿ. ಬಾತಿನ 25ನೇ ದಿನ, ಕೋಳಿಯ 18ನೇ ದಿನ ಒಂದೇ ಶುಕ್ರವಾರ ಬೀಳುತ್ತದೆ. ಅವತ್ತು ಎರಡನ್ನೂ ಹೊರಳಿಸುವುದು ನಿಲ್ಲಿಸಿ, ತೇವ ಶೇ. 70ಕ್ಕೆ ಏರಿಸಿ. ಅಲ್ಲಿಯವರೆಗೆ ಫ್ಯಾನ್ ಇರುವ ಮೆಷಿನ್‌ನಲ್ಲಿ 37.5 ಡಿಗ್ರಿ, ತೇವ ಶೇ. 50–55, ದಿನಕ್ಕೆ ಮೂರು ಅಥವಾ ಐದು ಸಲ ಹೊರಳಿಸುವುದು. ಫ್ಯಾನ್ ಇಲ್ಲದ ಥರ್ಮೋಕೋಲ್ ಪೆಟ್ಟಿಗೆಯಾದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಸುಮಾರು 38.5 ಇರಬೇಕು. ಬಾತು ಮೊಟ್ಟೆಗಳನ್ನು ಬೇರೆ ಟ್ರೇಯಲ್ಲೇ ಇಡಿ. 10ನೇ ದಿನದಿಂದ 25ರವರೆಗೆ ದಿನಕ್ಕೊಮ್ಮೆ ಆ ಟ್ರೇ ಮಾತ್ರ ಹೊರತೆಗೆದು ಹತ್ತು-ಹದಿನೈದು ನಿಮಿಷ ತಣಿಯಲು ಬಿಟ್ಟು, ಉಗುರು ಬೆಚ್ಚಗಿನ ನೀರು ಚಿಮುಕಿಸಿ ಒಳಗಿಡಬೇಕು. ತಾಯಿ ಬಾತು ಮೇಯಲು ಎದ್ದು ಹೋಗಿ ಒದ್ದೆ ಮೈಯಲ್ಲಿ ಬಂದು ಕೂರುವುದಕ್ಕೆ ಸಮ ಇದು.

ತೇವಕ್ಕಾಗಿ ಮೆಷಿನ್ ಒಳಗೆ ತಟ್ಟೆಯಲ್ಲಿ ಇಡುವ ನೀರಿನ ಅಳತೆಯನ್ನು ಪಕ್ಕದ ಊರಿನವರನ್ನು ಕೇಳಿ ಇಡಬೇಡಿ. ಮಾರ್ಚ್‌ನಲ್ಲಿ ಅರಸೀಕೆರೆಯ ಒಣಗಾಳಿಗೆ ಎರಡು ತಟ್ಟೆ ನೀರೂ ಸಾಲದೆ ಹೋಗಬಹುದು. ಜುಲೈನ ಸಕಲೇಶಪುರ, ಮೂಡಿಗೆರೆಯಲ್ಲಿ ಅಷ್ಟೇ ನೀರಿಟ್ಟರೆ ತೇವ ಹೆಚ್ಚಾಗಿ ಮರಿ ಚಿಪ್ಪಿನೊಳಗೇ ಮುಳುಗುತ್ತದೆ. ತೇವಮಾಪಕಕ್ಕಿಂತ ನಾವು ನಂಬುವುದು ಅಡುಗೆಮನೆಯ ತಕ್ಕಡಿಯನ್ನು. ಇಡುವ ದಿನ ಐದು ಬಾತು ಮೊಟ್ಟೆಗಳ ಮೇಲೆ ಪೆನ್ಸಿಲ್‌ನಲ್ಲಿ ತೂಕ ಬರೆಯಿರಿ. 70 ಗ್ರಾಂ ಇದ್ದದ್ದು 14ನೇ ದಿನ 65ರ ಆಸುಪಾಸು, 25ನೇ ದಿನ 61ರ ಹತ್ತಿರ ಬರಬೇಕು. 14ನೇ ದಿನ ಇನ್ನೂ 67 ಇದ್ದರೆ ನೀರಿನ ತಟ್ಟೆ ತೆಗೆಯಿರಿ. 62ಕ್ಕೆ ಇಳಿದಿದ್ದರೆ ಇನ್ನೊಂದು ತಟ್ಟೆ ಸೇರಿಸಿ.

ಮೊಟ್ಟೆ ಮೇಲೆ ಸ್ವಲ್ಪ ಕಲೆ ಕಂಡರೆ ಬೇಸರಿಸಬೇಡಿ, ನಾವು ಬೇಕೆಂದೇ ತೊಳೆಯುವುದಿಲ್ಲ. ತಣ್ಣೀರಿಗೆ ಹಾಕಿದರೆ ಒಳಗಿನದು ಕುಗ್ಗಿ, ಚಿಪ್ಪಿನ ರಂಧ್ರಗಳಿಂದ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂಥದ್ದೊಂದು ಕೊಳೆತು ಮೆಷಿನ್‌ನಲ್ಲಿ ಸಿಡಿದರೆ ಇಡೀ ಬ್ಯಾಚು ಹಾಳು. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಸ್ಸಿನಲ್ಲಿ ಒಯ್ದವರು ಚೂಪು ತುದಿ ಕೆಳಗೆ ಮಾಡಿ ಹನ್ನೆರಡು ಗಂಟೆ ತಂಪಾದ ಜಾಗದಲ್ಲಿ ಇಟ್ಟು, ಆಮೇಲೆ ಕಾವಿಗಿಡಿ. ನಾವು ಕೊಡುವುದೂ ಏಳು ದಿನದೊಳಗಿನ ಮೊಟ್ಟೆಯನ್ನೇ.

ಮನೆಯ ಕೋಳಿಯನ್ನೇ ಕಾವಿಗೆ ಕೂರಿಸುವವರು ಅದರ ಕೆಳಗೆ ಏಳೆಂಟಕ್ಕಿಂತ ಹೆಚ್ಚು ಬಾತು ಮೊಟ್ಟೆ ಇಡಬೇಡಿ.

ಕೊನೆಯ ಎರಡು ದಿನ ಕೈ ತಡೆದುಕೊಳ್ಳುವುದು ಕಷ್ಟ, ಗೊತ್ತು. ಚಿಪ್ಪಿನಲ್ಲಿ ಸಣ್ಣ ಬಿರುಕು ಬಿಟ್ಟು ಬಾತುಮರಿ 24ರಿಂದ 36 ಗಂಟೆ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಒಳಪೊರೆಯ ರಕ್ತ ಮರಿಯ ಮೈಗೆ ಸೇರುತ್ತಿರುತ್ತದೆ, ಹಳದಿ ಭಾಗ ಹೊಟ್ಟೆಯೊಳಕ್ಕೆ ಹೋಗುತ್ತಿರುತ್ತದೆ. ಸಹಾಯ ಮಾಡೋಣವೆಂದು ಚಿಪ್ಪು ಸುಲಿದರೆ ಪೊರೆಯಲ್ಲಿ ಕೆಂಪು ನರ ಕಾಣುತ್ತದೆ, ಕಿತ್ತರೆ ರಕ್ತ ಸೋರುತ್ತದೆ. ಬಾಗಿಲು ತೆಗೆದು ನೋಡುವುದೂ ಬೇಡ, ತೇವ ಹಾರಿ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಹೊರಬಂದ ಮೇಲೆ ಬಾತುಮರಿ, ಕೋಳಿಮರಿ ಬೇರೆ ಬೇರೆ ಪೆಟ್ಟಿಗೆಯಲ್ಲಿರಲಿ. ಬಾತು ಎರಚಿದ ನೀರಿಗೆ ಕೋಳಿಮರಿ ನೆನೆದು ಚಳಿಗೆ ಸಾಯುತ್ತದೆ.

7ನೇ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂತೆ ನರ ಕಂಡರೆ ಜೀವವಿದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಗೊಡ್ಡು. ಕಾಲು ಭಾಗಕ್ಕಿಂತ ಹೆಚ್ಚು ಗೊಡ್ಡು ಬಂದರೆ ಫೋಟೋ ತನ್ನಿ, ಮುಂದಿನ ಸರದಿಯಲ್ಲಿ ಅಷ್ಟೇ ಮೊಟ್ಟೆ ಉಚಿತವಾಗಿ ಕೊಡುತ್ತೇವೆ. ಕೆಂಪು ಉಂಗುರ ಕಂಡರೆ ಅದು ಬೆಳೆದು ಸತ್ತ ಭ್ರೂಣ. ಅಂಥವನ್ನೂ ತೆಗೆದುಹಾಕಿ, ಎಷ್ಟು ಬಂದವೆಂದು ತಪ್ಪದೆ ತಿಳಿಸಿ. ಹೆಚ್ಚು ಬಂದಿದ್ದರೆ ನಾವು ಮೊಟ್ಟೆ ಇಟ್ಟಿದ್ದ ಕೋಣೆಯನ್ನೇ ಮೊದಲು ಪರೀಕ್ಷಿಸುತ್ತೇವೆ.

ಯಾವ ಮೊಟ್ಟೆ, ಎಷ್ಟು ಬೇಕು ಎಂದು ಶನಿವಾರ ಸಂಜೆಯೊಳಗೆ ಕೌಂಟರ್‌ನಲ್ಲಿ ಬರೆಸಿ.

ಇಂತಿ,
ಮೊಟ್ಟೆ ವಿಭಾಗ, ಸಹಕಾರ ಸಂಘ, ಹಾಸನ