ಊರಿನ ಟ್ಯಾಂಕಿಗೆ ಹಳೆಯ ಬೋರ್‌ವೆಲ್ ನೀರು ಬೆರೆಸುತ್ತಿರುವ ಕುರಿತು ದೂರು

ಇಂದ,
ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರು ಹಾಗೂ ಸಹಿ ಮಾಡಿದ ಗ್ರಾಮಸ್ಥರು

ಗೆ,
ಯೋಜನಾ ವ್ಯವಸ್ಥಾಪಕರು,
ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಚಾಲನೆ ಮತ್ತು ನಿರ್ವಹಣೆಯ ಗುತ್ತಿಗೆ ಸಂಸ್ಥೆ

ವಿಷಯ: ನದಿ ನೀರು ನಿಂತಾಗ ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನು ತಿಳಿಸದೆ ಊರಿನ ಟ್ಯಾಂಕಿಗೆ ಬಿಡುತ್ತಿರುವುದು, ಕ್ಲೋರಿನ್ ಸರಿಯಾಗಿ ಹಾಕದಿರುವುದು ಮತ್ತು ಗಟಾರದ ಪಕ್ಕದ ಏರ್ ವಾಲ್ವ್ ಗುಂಡಿಯ ದುರಸ್ತಿ ಕುರಿತು.

ಮಾನ್ಯರೇ,

ನೀರು ಬರುತ್ತಿಲ್ಲ ಎಂಬ ದೂರುಗಳು ತಮ್ಮ ಕಚೇರಿಗೆ ದಿನವೂ ಬರುತ್ತಿರಬಹುದು. ಇದು ಅಂಥ ಪತ್ರವಲ್ಲ. ನಮ್ಮೂರಿನ ನಳಗಳಲ್ಲಿ ನೀರು ಬರುತ್ತಿದೆ. ಆದರೆ ತಾವು ಶುದ್ಧೀಕರಿಸಿ ಕೊಡಬೇಕಾದ ತುಂಗಭದ್ರೆಯ ನೀರಿನ ಜಾಗದಲ್ಲಿ, ಕುಡಿಯಲು ಯೋಗ್ಯವಲ್ಲವೆಂದು ಕೆಂಪು ಬಣ್ಣ ಬಳಿದು ಕೈಬಿಟ್ಟಿದ್ದ ಹಳೆಯ ಬೋರ್‌ವೆಲ್ಲಿನ ನೀರು ಪದೇ ಪದೇ ಬರುತ್ತಿದೆ, ಮತ್ತು ಯಾವ ದಿನ ಯಾವ ನೀರು ಬಿಟ್ಟಿದ್ದಾರೆ ಎಂಬುದನ್ನು ಬಿಡುವವರ ಹೊರತು ಊರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಮುಖ್ಯ ತಕರಾರು ಇದೇ.

ಆಗುತ್ತಿರುವುದನ್ನು ಇದ್ದದ್ದು ಇದ್ದಂತೆ ತಿಳಿಸುತ್ತೇವೆ. ನದಿಯಿಂದ ನೀರೆತ್ತುವ ಜಾಕ್‌ವೆಲ್ಲಿನಲ್ಲಿ ವಿದ್ಯುತ್ ಹೋದಾಗ, ಪಂಪು ಕೆಟ್ಟಾಗ ಅಥವಾ ದಾರಿಯಲ್ಲಿ ಎಲ್ಲೋ ಮುಖ್ಯ ಕೊಳವೆ ಒಡೆದಾಗ ನದಿ ನೀರು ನಿಲ್ಲುತ್ತದೆ. ಇಷ್ಟು ಉದ್ದದ ಯೋಜನೆಯಲ್ಲಿ ಹಾಗಾಗುವುದು ಸಹಜ, ಅದಕ್ಕೆ ನಾವು ತಮ್ಮನ್ನು ದೂರುವುದಿಲ್ಲ. ಅಂಥ ಹೊತ್ತಿನಲ್ಲಿ ತಮ್ಮ ಸಿಬ್ಬಂದಿ ಟ್ಯಾಂಕಿನ ಬುಡದಲ್ಲಿರುವ ವಾಲ್ವ್ ತಿರುಗಿಸಿ, ಹಳೆಯ ಬೋರ್‌ವೆಲ್ಲಿನ ಮೋಟಾರ್ ಚಾಲೂ ಮಾಡಿ, ಅದೇ ಟ್ಯಾಂಕನ್ನು ಆ ನೀರಿನಿಂದ ತುಂಬಿಸುತ್ತಾರೆ. ನದಿ ನೀರು ಮತ್ತೆ ಬಂದಾಗ ಉಳಿದ ಬೋರ್ ನೀರಿನ ಮೇಲೆಯೇ ಅದನ್ನೂ ಬಿಡುತ್ತಾರೆ. ಹೀಗಾಗಿ ನಳದಲ್ಲಿ ಬರುವುದು ಪೂರ್ತಿ ಬೋರ್ ನೀರೋ, ಅರ್ಧ ಬೆರೆತದ್ದೋ ಎಂದು ಹೇಳಲು ಬರುವಂತಿಲ್ಲ.

ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಇದು ಯಾವ ಪರೀಕ್ಷೆಗೂ ಮೊದಲೇ ತಿಳಿದಿತ್ತು. ಬೋರ್ ನೀರು ಬಂದ ದಿನ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತದೆ, ಬಟ್ಟೆಗೆ ಹಚ್ಚಿದ ಸೋಪು ನೊರೆ ಬಿಡುವುದಿಲ್ಲ, ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ತಮ್ಮ ಮೇಲ್ವಿಚಾರಕರಿಗೆ ಇದನ್ನು ಹೇಳಿದಾಗ ಅವರು ನಕ್ಕು, ಅಡುಗೆಮನೆಯ ಮಾತು ದಾಖಲೆಯಾಗುವುದಿಲ್ಲ ಎಂದರು. ಅದು ಗಡಸುತನದ ಗುರುತು, ಫ್ಲೋರೈಡಿನ ಗುರುತಲ್ಲ ಎಂಬುದು ನಮಗೂ ಗೊತ್ತು. ಆದರೆ ಯಾವ ನೀರು ಬಂದಿದೆ ಎಂದು ಗುರುತಿಸಲು ಅದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾಗಿರಲಿಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ 5 ಮಹಿಳೆಯರಿಗೆ ಸ್ಥಳದಲ್ಲೇ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕೆಂಬ ನಿಯಮವಿದೆ. ಹಾಗೆ ತರಬೇತಿ ಪಡೆದ ನಮ್ಮೂರಿನ ಮಹಿಳೆಯರು ಅಂಥ ದಿನಗಳ ನಳದ ನೀರನ್ನು ಪರೀಕ್ಷಿಸಿದಾಗ ಫ್ಲೋರೈಡಿನ ಬಣ್ಣ ಲೀಟರಿಗೆ 1.5 ಮಿಲಿಗ್ರಾಂ ಗುರುತನ್ನು ದಾಟಿತ್ತು, ನದಿ ನೀರು ಬಂದ ದಿನ ದಾಟಿರಲಿಲ್ಲ. ಕಿಟ್ಟಿನ ಫಲಿತಾಂಶ ಅಂದಾಜಿನದು, ಪ್ರಯೋಗಾಲಯದ ವರದಿಯಷ್ಟು ಖಚಿತವಲ್ಲ ಎಂಬುದನ್ನು ಒಪ್ಪುತ್ತೇವೆ. ಖಚಿತ ವರದಿಯನ್ನು ತರಿಸಬೇಕಾದವರು ತಾವು.

ಭಾರತೀಯ ಮಾನಕ 10500ರ 2012ರ ಆವೃತ್ತಿಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದ ಕಡೆ ಮಾತ್ರ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನಮಗೆ ಬೇರೆ ಮೂಲವಿದೆ, ಅದನ್ನು ಒದಗಿಸಲೆಂದೇ ತಮ್ಮ ಸಂಸ್ಥೆಗೆ ಗುತ್ತಿಗೆ ಕೊಡಲಾಗಿದೆ. ಪಾವಗಡ, ಮುಂಡರಗಿ, ಬಾಗೇಪಲ್ಲಿಯ ಕಡೆಯ ಹಳ್ಳಿಗಳಂತೆ ನಮ್ಮೂರಿನಲ್ಲೂ ಬೋರ್ ನೀರು ಕುಡಿದು ಬೆಳೆದ ತಲೆಮಾರಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ವರ್ಷಾನುಗಟ್ಟಲೆ ಆ ನೀರನ್ನೇ ಕುಡಿದ ಹಿರಿಯರಲ್ಲಿ ಕೆಲವರಿಗೆ ಕತ್ತು ತಿರುಗಿಸಲು, ನೆಲದ ಮೇಲೆ ಕೂತು ಏಳಲು ಆಗುವುದಿಲ್ಲ. ಹಲ್ಲು ಮೂಡುವ ವಯಸ್ಸಿನಲ್ಲಿ ಬಿದ್ದ ಕಲೆ ಮುಂದೆ ಎಂಥ ಶುದ್ಧ ನೀರು ಕುಡಿದರೂ ಹೋಗುವುದಿಲ್ಲ, ಬಿಗಿದ ಕೀಲುಗಳನ್ನು ಹಿಂದಿನಂತೆ ಮಾಡುವ ಔಷಧವೂ ಇಲ್ಲ. ನದಿ ನೀರಿನ ಯೋಜನೆ ಬಂದದ್ದು ಈ ಕಾರಣಕ್ಕೆ. ಬೋರ್‌ವೆಲ್ ಬತ್ತಿತ್ತು ಎಂದಲ್ಲ.

ಈ ಬಗ್ಗೆ ಬಾಯಿಮಾತಿನಲ್ಲಿ ಕೇಳಿದಾಗ ತಮ್ಮ ಸಿಬ್ಬಂದಿ ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆಯಬೇಕಾಗಿದೆ, ಏಕೆಂದರೆ ಬರವಣಿಗೆಯಲ್ಲೂ ಅವೇ ಉತ್ತರಗಳು ಬರುವುದು ನಮಗೆ ಬೇಡ. ನೀರನ್ನು ಕುದಿಸಿ ಕುಡಿಯಿರಿ ಎಂಬುದು ಮೊದಲನೆಯದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ ನಿಜ, ಆದರೆ ಫ್ಲೋರೈಡ್ ಆವಿಯಾಗಿ ಹೋಗುವ ವಸ್ತುವಲ್ಲ. ನೀರು ಇಂಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ನೀರು ಪೂರೈಸುವ ಸಂಸ್ಥೆಯವರೇ ಹೀಗೆ ಸಲಹೆ ಕೊಟ್ಟರೆ ಅದನ್ನು ನಂಬಿದ ತಾಯಂದಿರು ಮಕ್ಕಳಿಗೆ ಇನ್ನಷ್ಟು ಕೆಟ್ಟ ನೀರನ್ನೇ ಕುಡಿಸಿದಂತಾಗುತ್ತದೆ. ನದಿ ನೀರಿನೊಂದಿಗೆ ಬೆರೆತಾಗ ಫ್ಲೋರೈಡ್ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಇನ್ನೊಂದು ಉತ್ತರ. ಎರಡು ಮೂಲಗಳ ನೀರನ್ನು ಬೆರೆಸಿ ಪ್ರಮಾಣ ತಗ್ಗಿಸುವುದು ಒಪ್ಪಿತವಾದ ಕ್ರಮವೇ ಹೌದು, ಆದರೆ ಎರಡರ ಫ್ಲೋರೈಡ್ ಎಷ್ಟು ಎಂದು ತಿಳಿದು, ಎಷ್ಟಕ್ಕೆ ಎಷ್ಟು ಎಂದು ಅಳೆದು, ಬೆರೆತ ಮೇಲೆ ಮತ್ತೆ ಪರೀಕ್ಷಿಸಿದರೆ ಮಾತ್ರ. ನಮ್ಮ ಟ್ಯಾಂಕಿನಲ್ಲಿ ಅಳೆಯುವವರೂ ಇಲ್ಲ, ಅಳೆಯುವ ಮೀಟರೂ ಇಲ್ಲ.

ಶುದ್ಧ ನೀರಿನ ಘಟಕ ಇದೆಯಲ್ಲ, ನಾಣ್ಯ ಹಾಕಿ ಒಯ್ಯಿರಿ ಎಂದೂ ಹೇಳಿದ್ದಾರೆ. ಘಟಕದಿಂದ ಒಂದು ಕ್ಯಾನ್ ತಂದವರು ಅದನ್ನು ಕುಡಿಯಲು ಇಟ್ಟುಕೊಂಡು, ಅನ್ನ, ಸಾರು, ಚಹಾಗಳಿಗೆ ನಳದ ನೀರನ್ನೇ ಬಳಸುತ್ತಾರೆ. ಫ್ಲೋರೈಡ್ ಅಡುಗೆಯ ಮೂಲಕವೂ ಹೊಟ್ಟೆಗೆ ಹೋಗುತ್ತದೆ. ಶಾಲೆಯ ಬಿಸಿಯೂಟ ಮತ್ತು ಅಂಗನವಾಡಿಯ ಅಡುಗೆ ಆಗುವುದೂ ಈ ಟ್ಯಾಂಕಿನ ನೀರಿನಿಂದಲೇ. ಅಲ್ಲದೆ, ನಳದ ನೀರಿಗೆ ಕರ ಕಟ್ಟುವ ಮನೆಗಳು ಅದೇ ಕುಡಿಯುವ ನೀರಿಗಾಗಿ ಘಟಕದಲ್ಲಿ ಮತ್ತೊಮ್ಮೆ ಹಣ ಕೊಡಬೇಕೆನ್ನುವುದು ಯಾವ ನ್ಯಾಯ ಎಂದು ತಾವೇ ಹೇಳಬೇಕು.

ಕ್ಲೋರಿನ್ ವಿಷಯ ಬೇರೆಯದಾದರೂ ಅದೇ ನಿರ್ಲಕ್ಷ್ಯದ ಇನ್ನೊಂದು ಮುಖ. ಗ್ರಾಹಕರ ನಳದಲ್ಲಿ, ಅಂದರೆ ಟ್ಯಾಂಕಿನಿಂದ ಅತಿ ದೂರದ ಮನೆಯಲ್ಲೂ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್, ಅಂದರೆ ರೋಗಾಣು ಕೊಲ್ಲುವಲ್ಲಿ ಖರ್ಚಾಗಿ ಮಿಕ್ಕ ಕ್ಲೋರಿನ್, ಇರಬೇಕು. ಟ್ಯಾಂಕಿನ ಸುತ್ತಲ ಮನೆಗಳಿಗೆ ಕೆಲವು ದಿನ ಮೂಗಿಗೆ ಅಡರುವಷ್ಟು ವಾಸನೆ ಬರುತ್ತದೆ, ಕೆಳಗಿನ ಓಣಿಯಲ್ಲಿ ಕಿಟ್ ಹಾಕಿದರೆ ಬಣ್ಣವೇ ಏಳುವುದಿಲ್ಲ. ಪಂಪ್‌ಹೌಸಿನಲ್ಲಿ ಬ್ಲೀಚಿಂಗ್ ಪುಡಿಯ ಚೀಲ ಬಾಯಿ ತೆರೆದು ಒದ್ದೆ ನೆಲದ ಮೇಲೆ ಬಿದ್ದಿರುವುದನ್ನು ನಮ್ಮ ಸಮಿತಿಯವರು ಕಂಡಿದ್ದಾರೆ. ಹೊಸ ಪುಡಿಯಲ್ಲಿ ಮೂರನೇ ಒಂದರಷ್ಟು ಇರುವ ಕ್ಲೋರಿನ್ ಗಾಳಿ ಮತ್ತು ತೇವ ತಗುಲಿದಂತೆ ಹಾರಿಹೋಗುತ್ತದೆ. ಶೇಕಡಾ 25ರಷ್ಟು ಕ್ಲೋರಿನ್ ಉಳಿದಿರುವ ಪುಡಿಯಾದರೆ 50,000 ಲೀಟರಿನ ನಮ್ಮ ಟ್ಯಾಂಕಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಪ್ರಮಾಣ ಬರಲು 200 ಗ್ರಾಂ ಬೇಕು. ಸತ್ವ ಕಳೆದುಕೊಂಡ ಪುಡಿಯಾದರೆ ಆ ಲೆಕ್ಕ ಕಾಗದದ ಮೇಲಷ್ಟೇ ಉಳಿಯುತ್ತದೆ. ಇಲ್ಲಂತೂ ಪುಡಿಯನ್ನು ತೂಗುವುದೇ ಇಲ್ಲ, ಡಬ್ಬಿಯಲ್ಲಿ ಅಂದಾಜಿಗೆ ಸುರಿಯುತ್ತಾರೆ. ಹಾಕಿದ ಮೇಲೆ ಅರ್ಧ ಗಂಟೆಯಾದರೂ ನೀರಿನಲ್ಲಿ ಇರಬೇಕೆಂಬ ನಿಯಮವನ್ನು ಮೀರಿ, ಟ್ಯಾಂಕ್ ತುಂಬುತ್ತಿರುವಾಗಲೇ ಊರಿಗೆ ನೀರು ಬಿಡುತ್ತಾರೆ. ಆದರೂ ದಾಖಲೆ ಪುಸ್ತಕದಲ್ಲಿ ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಅಂಕಿ ಇದೆ. ನೀರು ಅಷ್ಟು ಶಿಸ್ತಾಗಿ ನಡೆದುಕೊಂಡ ಊರನ್ನು ನಾವು ಬೇರೆಲ್ಲೂ ನೋಡಿಲ್ಲ.

ಕೆಳಗಿನ ಓಣಿಯಲ್ಲಿ ಕ್ಲೋರಿನ್ ಇಲ್ಲದಿರುವುದು ಏಕೆ ಅಪಾಯಕರ ಎಂಬುದು ಏರ್ ವಾಲ್ವ್ ಗುಂಡಿಯನ್ನು ನೋಡಿದರೆ ತಿಳಿಯುತ್ತದೆ. ತಮ್ಮ ಮುಖ್ಯ ಕೊಳವೆ ಊರೊಳಗೆ ಬರುವ ಜಾಗದಲ್ಲಿರುವ ಈ ಗುಂಡಿಗೆ ಮುಚ್ಚಳವಿಲ್ಲ, ಪಕ್ಕದ ಗಟಾರು ಕಟ್ಟಿಕೊಂಡಾಗ ಹೊಲಸು ನೀರು ಅದರೊಳಗೆ ತುಂಬಿ ವಾಲ್ವ್ ಮುಳುಗುತ್ತದೆ. ಕೊಳವೆಯಲ್ಲಿ ನೀರು ತುಂಬುವಾಗ ಗಾಳಿಯನ್ನು ಹೊರಬಿಡುವುದು, ನೀರು ಇಳಿದುಹೋಗುವಾಗ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವುದು ಆ ವಾಲ್ವಿನ ಕೆಲಸ. ಅದು ಹೊಲಸಿನಲ್ಲಿ ಮುಳುಗಿರುವಾಗ ಪಂಪು ನಿಂತರೆ ಗಾಳಿಯ ಬದಲು ಆ ಹೊಲಸೇ ಕೊಳವೆಯೊಳಗೆ ಹೋಗುತ್ತದೆ. ನೀರು ಬಿಟ್ಟ ಮೊದಲ ಹತ್ತು ನಿಮಿಷ ನಳದಲ್ಲಿ ಕದಡಿದ ನೀರು ಬರುವುದು ಇದರಿಂದಲೇ ಇರಬೇಕೆಂದು ನಮ್ಮ ಅನುಮಾನ. ಆ ನೀರನ್ನು ರೋಗಾಣು ಪರೀಕ್ಷೆಯ ಎಚ್‌2ಎಸ್ ಸೀಸೆಯಲ್ಲಿ ಹಿಡಿದಿಟ್ಟಾಗ ಮರುದಿನಕ್ಕೆ ಕಪ್ಪಾಗಿತ್ತು, ಅಂದರೆ ಅದರಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಇರುವ ಸಂಭವವಿದೆ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ-ಕೋಲಿ ಎಂಬ ಮಲಮೂಲದ ಬ್ಯಾಕ್ಟೀರಿಯಾ ಒಂದೂ ಪತ್ತೆಯಾಗಬಾರದು ಎನ್ನುತ್ತದೆ ಮಾನಕ. ಜನರು ನಳಕ್ಕೆ ನೇರವಾಗಿ ಮೋಟಾರ್ ಹಚ್ಚುವುದರಿಂದಲೇ ಹೊಲಸು ಎಳೆಯುತ್ತದೆ ಎಂಬುದು ತಮ್ಮವರ ವಾದ. ಮೋಟಾರ್ ಹಚ್ಚುವುದು ತಪ್ಪೇ, ಅವುಗಳನ್ನು ತೆಗೆಸಲು ಪಂಚಾಯಿತಿಗೆ ಸಮಿತಿಯಿಂದ ಪ್ರತ್ಯೇಕವಾಗಿ ಬರೆದಿದ್ದೇವೆ. ಆದರೆ ಆ ಗುಂಡಿ ಮುಖ್ಯ ಕೊಳವೆಯ ಮೇಲಿದೆ, ಅಲ್ಲಿ ಯಾರ ಮನೆಯ ಮೋಟಾರೂ ಇಲ್ಲ.

ಕೆಳಗಿನ ಓಣಿಯಲ್ಲಿ ಈಚೆಗೆ ವಾಂತಿ-ಭೇದಿ ಕಾಣಿಸಿಕೊಂಡಿದೆ. ಅದು ನೀರಿನಿಂದಲೇ ಬಂದದ್ದು ಎಂದು ನಾವು ಹೇಳುತ್ತಿಲ್ಲ, ಅದನ್ನು ಆರೋಗ್ಯ ಇಲಾಖೆಯವರು ನಿರ್ಧರಿಸಲಿ. ಆದರೆ 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಸೇವಿಸಿ ಜನ ಸತ್ತ ಮೇಲೂ ಒಂದು ವಾಲ್ವ್ ಗುಂಡಿಗೆ ಮುಚ್ಚಳ ಹಾಕಿಸಲು ಅರ್ಜಿ ಬರೆಯಬೇಕಾಗಿ ಬಂದಿರುವುದು ವಿಷಾದಕರ.

ಟ್ಯಾಂಕಿನ ತನಕ ನಮ್ಮ ಹೊಣೆ, ಅಲ್ಲಿಂದಾಚೆ ಪಂಚಾಯಿತಿಯದು ಎಂದು ತಮ್ಮ ಕಚೇರಿಯೂ, ನೀರು ಕೊಡುವವರು ಅವರು ಎಂದು ಪಂಚಾಯಿತಿಯೂ ನಮ್ಮನ್ನು ಒಬ್ಬರಿಂದೊಬ್ಬರಿಗೆ ಕಳಿಸುತ್ತಿದ್ದಾರೆ. ಈ ಪತ್ರದಲ್ಲಿ ಹೇಳಿದ ಬೋರ್‌ವೆಲ್ ಜೋಡಣೆ, ಕ್ಲೋರಿನ್ ಹಾಕುವ ಕೆಲಸ ಮತ್ತು ಏರ್ ವಾಲ್ವ್ ಮೂರೂ ಟ್ಯಾಂಕಿನ ಈಚೆಗೆ ಅಥವಾ ಟ್ಯಾಂಕಿನಲ್ಲೇ ಇರುವಂಥವು. ಆದ್ದರಿಂದ ಆ ಉತ್ತರಕ್ಕೆ ಇಲ್ಲಿ ಜಾಗವಿಲ್ಲ.

ನಾವು ಕೇಳುವುದು ಇಷ್ಟು. ಬೋರ್‌ವೆಲ್ ಕೊಳವೆಯನ್ನು ಟ್ಯಾಂಕಿನಿಂದ ಕೂಡಲೇ ಬೇರ್ಪಡಿಸಬೇಕು. ಆ ನೀರು ಬಟ್ಟೆ ಒಗೆಯಲು ಬರುತ್ತದೆ, ಅದನ್ನು ಬೇರೆಯ ಮಿನಿ ಟ್ಯಾಂಕಿಗೆ ತಿರುಗಿಸಿ, ಕುಡಿಯಲು ಮತ್ತು ಅಡುಗೆಗೆ ಅಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಅದು ಆಗುವ ತನಕ, ನದಿ ನೀರು ನಿಂತ ದಿನ ನೀರು ಬಿಡುವ ಮೊದಲೇ ಪಂಚಾಯಿತಿಯ ಮೈಕಿನಲ್ಲಿ ಹೇಳಿಸಿ, ಕುಡಿಯಲು ಹಾಗೂ ಶಾಲೆ, ಅಂಗನವಾಡಿಗಳ ಅಡುಗೆಗೆ ಪರೀಕ್ಷಿಸಿದ ನೀರನ್ನು ಟ್ಯಾಂಕರಿನಲ್ಲಿ ಕೊಡಬೇಕು. ಏರ್ ವಾಲ್ವ್ ಗುಂಡಿಯ ಗೋಡೆ ಎತ್ತರಿಸಿ ಮುಚ್ಚಳ ಹಾಕಿಸುವುದು ಒಂದೆರಡು ದಿನದ ಗಾರೆ ಕೆಲಸ, ಅದಕ್ಕೆ ಯಾವ ಮಂಜೂರಾತಿಯ ನೆವವನ್ನೂ ನಾವು ಒಪ್ಪುವುದಿಲ್ಲ. ಕ್ಲೋರಿನ್ ಪರೀಕ್ಷೆಯನ್ನು ಟ್ಯಾಂಕಿನ ಬಳಿ ಮಾಡದೆ ಕೆಳಗಿನ ಓಣಿಯ ಕೊನೆಯ ಮನೆಯಲ್ಲಿ, ಸಮಿತಿಯ ಒಬ್ಬ ಸದಸ್ಯರ ಎದುರಿನಲ್ಲಿ ಮಾಡಿ, ಅಂಕಿಯನ್ನು ಟ್ಯಾಂಕಿನ ಕೆಳಗಿನ ಫಲಕದಲ್ಲಿ ದಿನವೂ ಬರೆಯಬೇಕು. ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ರೋಗಾಣು ಪರೀಕ್ಷೆ ವರ್ಷಕ್ಕೆರಡು ಸಲ ಎಂಬುದು ಕನಿಷ್ಠ ನಿಯಮ. ಎರಡು ಮೂಲದ ನೀರು ಬೆರೆಯುತ್ತಿರುವ ಊರಿಗೆ ಅದು ಸಾಲದು. ಬೋರ್ ಜೋಡಣೆ ತೆಗೆಯುವವರೆಗೆ ಎರಡನ್ನೂ ತಿಂಗಳಿಗೊಮ್ಮೆ ಮಾಡಿಸಿ, ಪ್ರಯೋಗಾಲಯದ ವರದಿಯ ಪ್ರತಿಯನ್ನು ಸಮಿತಿಗೆ ಕೊಡಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ, ಯಾವ ಕೆಲಸ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಕಿಟ್ ಪರೀಕ್ಷೆಯ ಫಲಿತಾಂಶ, ವಾಲ್ವ್ ಗುಂಡಿಯ ಛಾಯಾಚಿತ್ರ ಮತ್ತು ದಾಖಲೆ ಪುಸ್ತಕದ ಪುಟಗಳ ನಕಲನ್ನು ಇದರ ಜೊತೆಗೆ ಇಟ್ಟಿದ್ದೇವೆ. ಪತ್ರದ ಪ್ರತಿಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್, ತಾಲ್ಲೂಕು ಆರೋಗ್ಯಾಧಿಕಾರಿ ಮತ್ತು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಕಳಿಸಲಾಗಿದೆ. ಉತ್ತರ ಬರದಿದ್ದಲ್ಲಿ ಗುತ್ತಿಗೆಯ ಷರತ್ತುಗಳು, ಈವರೆಗಿನ ಪರೀಕ್ಷಾ ವರದಿಗಳು ಮತ್ತು ತಮಗೆ ಪಾವತಿಯಾದ ನಿರ್ವಹಣಾ ಬಿಲ್ಲುಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಇಲಾಖೆಯಿಂದ ಪಡೆದು ಮುಂದಿನ ಕ್ರಮಕ್ಕೆ ಹೋಗುತ್ತೇವೆ.

ತಮ್ಮ ಎಂಜಿನಿಯರರು ಪರಿಶೀಲನೆಗೆ ಬರುವುದಾದರೆ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಬರಲಿ, ಮಾದರಿಯನ್ನು ಕೆಳಗಿನ ಓಣಿಯಲ್ಲಿ, ನಳ ತಿರುಗಿಸಿದಾಗ ಬರುವ ಮೊದಲ ನೀರಿನಿಂದಲೂ ಅರ್ಧ ಗಂಟೆಯ ನಂತರದ ನೀರಿನಿಂದಲೂ ಬೇರೆ ಬೇರೆಯಾಗಿ ತೆಗೆಯಲಿ. ಹಿಂದಿನ ದಿನ ತಿಳಿಸಿದರೆ ಸಮಿತಿಯ ಮಹಿಳೆಯರು ತಮ್ಮ ಕಿಟ್ ಸಮೇತ ಅಲ್ಲಿರುತ್ತಾರೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರು ಮತ್ತು ಗ್ರಾಮಸ್ಥರು