ಮೀನಿನ ಅಂಗಡ್ಯಾಗ ಸಿಕ್ಕ ಅಣ್ಣಾರಿಗಿ ಭಾಳ ಥ್ಯಾಂಕ್ಸ್ ರೀ

ಹೋದ ತಿಂಗಳ ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ಮೀನಿನ ಅಂಗಡ್ಯಾಗ ಸಿಕ್ಕಿದ್ರಲ್ಲ ಅಣ್ಣಾರೆ, ನಿಮ್ಮ ಹೆಸರು ಸುದ್ದ ಕೇಳಿಲ್ಲ ನಾ, ಅದಕ್ಕ ಇಲ್ಲೇ ಬರೀಲತ್ತೀನಿ. ನಮ್ಮ ಮನ್ಯಾಗ ಸಾಕಿದ ಬಾಲ್ ಪೈಥಾನ್ (ಒಂದ್ ಜಾತಿ ಸಣ್ಣ ಹೆಬ್ಬಾವು) ಏಳು ವಾರ ಏನೂ ತಿಂದಿರ್ಲಿಲ್ಲ, ದಿನಾ ಮುಂಜಾನೆ ಎದ್ದು ಅದರ ಗಾಜಿನ ಡಬ್ಬಿ ಮುಂದ ಕುಂಡ್ರೂದೇ ಕೆಲಸ ಆಗಿತ್ತು, ನಮ್ಮವ್ವನೂ "ಇವತ್ತರ ತಿಂತೇನಪಾ" ಅಂತ ಕೇಳ್ತಿದ್ಲು.

ನೀವು ಮೊದಲ ತೂಕ ಕೇಳಿದ್ರಿ. ತೂಕ ಇಳ್ದಿಲ್ಲಂದ್ರ ಅಂಜಬ್ಯಾಡ ತಮ್ಮಾ, ಈ ಜಾತಿ ಹಾವು ತಿಂಗಳಗಟ್ಟಲೆ ಉಪಾಸ ಇರ್ತಾವ ಅಂದ್ರಿ, ಅದೊಂದ್ ಮಾತಿಗೇ ನಂಗ ಅರ್ಧ ಜೀವ ಬಂತು ನೋಡ್ರಿ. ಆಮ್ಯಾಲ ಕೈಯಾಗ ಹಿಡಿಯೂದ್ ಬಂದ್ ಮಾಡು, ಗಾಜಿಗಿ ಮೂರೂ ಕಡಿ ಹಾಳಿ ಹಚ್ಚು, ಅಡಗಲಾಕ ಎರಡು ಇಕ್ಕಟ್ಟ ಜಾಗ ಇಡು, ಬಿಸಿ ಕಡಿ 32 ಡಿಗ್ರಿ ಇರ್ಲಿ ಅಂದ್ರಿ. ತಿನ್ನಾಕ ಕೊಡೂ ಫ್ರೀಜರ್‌ನ್ಯಾಗಿನ ಸತ್ತ ಇಲಿ ರಾತ್ರಿಪೂರ ಫ್ರಿಜ್ಜಿನ್ಯಾಗ ಕರಗಿಸಿ, ಕವರ್‌ನ್ಯಾಗ ಹಾಕಿ ಬಿಸಿನೀರಾಗ ಇಟ್ಟು ತಲಿ ಬೆಚ್ಚಗ ಮಾಡು, ಹಾವಿನ ತುಟಿ ಮ್ಯಾಲಿನ ಸಣ್ಣ ಕುಣಿಗೋಳಿಗಿ ಆ ಶಾಖನೇ ಗೊತ್ತಾಗೂದು ಅಂತ ತಿಳಿಸಿ ಹೇಳಿದ್ರಿ.

ಹತ್ತು ದಿನ ಬಿಟ್ಟು ಲೈಟ್ ಆರ್ಸಿ ಉದ್ದನ ಚಿಮಟಾದಿಂದ ಇಲಿ ಹಿಡದೆ. ಹಾವು ನಾಲಗಿ ಸಾವಕಾಶ ಹೊರಗ ಒಳಗ ಆಡ್ತು, ಕುತ್ತಿಗಿ ಡೊಂಕ ಮಾಡಿ ಗಪ್ಪನೆ ನಿಂತು, ಒಮ್ಮೆಲೆ ಹಿಡದು ಸುತ್ತಿಬಿಡ್ತು ರೀ! ಉಸಿರು ಬಿಗಿ ಹಿಡಕೊಂಡು ನೋಡ್ದೆ, ಕಣ್ಣಾಗ ನೀರು ಬಂತು.

ನಿನ್ನಿ ಮತ್ತ ತಿಂದದ ಅಣ್ಣಾ. ಸೂಪರ್ ಮಾರ್ಕೆಟ್ ಕಡಿ ಬಂದ್ರ ಅದೇ ಅಂಗಡ್ಯಾಗ ನನ್ನ ನಂಬರ್ ಕೊಟ್ಟೀನಿ, ಒಂದ್ ಫೋನ್ ಮಾಡ್ರಿ, ಮನಿಗಿ ಊಟಕ್ಕ ಬರ್ಲೇಬೇಕು.